ಎಂಟು ಅಕ್ಷರಗಳ ಜಿಪುಣತನ: ಆರ್‌ಡಿಎಸ್ ವ್ಯವಸ್ಥೆಯ ಒಂದು ವಿಮರ್ಶೆ

ಕಾರಿನಲ್ಲಿ ಎಫ್‌ಎಂ ರೇಡಿಯೋ ಹಾಕಿದಾಗ ಪುಟ್ಟ ಫಲಕದ ಮೇಲೆ ಮೊದಲು ಆವೃತ್ತಿಯ ಅಂಕಿ ಕಾಣಿಸಿ, ಒಂದೆರಡು ಸೆಕೆಂಡಿನ ಬಳಿಕ ಅದೇ ಜಾಗದಲ್ಲಿ ಸ್ಟೇಷನ್ನಿನ ಹೆಸರು ಮೂಡುವುದನ್ನು ನೀವು ಗಮನಿಸಿರಬಹುದು. ಈ ಹೆಸರು ಎಲ್ಲಿಂದ ಬಂತು? ಹಳೆಯ ಕಾರಿಗೆ ಅಂತರಜಾಲದ ಸಂಪರ್ಕವಿಲ್ಲ. ರೇಡಿಯೋ ತಯಾರಿಸಿದವರಿಗೆ ನಮ್ಮ ಊರಿನ ಸ್ಟೇಷನ್ನುಗಳ ಪಟ್ಟಿ ಗೊತ್ತಿಲ್ಲ. ಹೆಸರು ಬಂದದ್ದು ಹಾಡು ಬಂದ ದಾರಿಯಲ್ಲೇ. ಎಫ್‌ಎಂ ಪ್ರಸಾರದ ಒಳಗೆ, ಕಿವಿಗೆ ಕೇಳದ ಎತ್ತರದಲ್ಲಿ, ಸೊನ್ನೆ-ಒಂದುಗಳ ಸಾಲೊಂದು ಹಗಲಿರುಳೂ ಹರಿಯುತ್ತಿರುತ್ತದೆ. ಇದೇ ರೇಡಿಯೋ ಡೇಟಾ ಸಿಸ್ಟಮ್, ಚಿಕ್ಕದಾಗಿ ಆರ್‌ಡಿಎಸ್. ಯುರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್ ಇದರ ವಿವರಗಳನ್ನು ಪ್ರಕಟಿಸಿದ್ದು 1984ರಲ್ಲಿ.

ನಲವತ್ತು ವರ್ಷ ದಾಟಿದ ಈ ವ್ಯವಸ್ಥೆಯನ್ನು, ಒಂದು ಪುಸ್ತಕವನ್ನು ವಿಮರ್ಶಿಸುವಂತೆ, ಸಾಲು ಸಾಲಾಗಿ ಓದಿ ನೋಡಬೇಕೆಂಬುದು ನನ್ನ ಬಹುದಿನದ ಆಸೆಯಾಗಿತ್ತು. ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಗದ್ದಲದ ವಿರುದ್ಧ ಇಷ್ಟು ಎಚ್ಚರ ವಹಿಸಿದ ವಿನ್ಯಾಸ ಅಪರೂಪ. ಆದರೆ ಓದುವವರ ಲಿಪಿ ಯಾವುದು, ಕಳಿಸುತ್ತಿರುವವರು ಯಾರು ಎಂಬ ಎರಡು ಪ್ರಶ್ನೆಗಳ ಬಗ್ಗೆ ಅದು ತೋರಿದ ಉದಾಸೀನ ನಮ್ಮಂಥವರಿಗೆ ಇಂದಿಗೂ ತೊಡಕಾಗಿದೆ.

ಹತ್ತೊಂಬತ್ತರ ಮಗ್ಗಿ

ಎಫ್‌ಎಂ ಸ್ಟೇಷನ್ನಿನ ವಾಹಕ ತರಂಗದ ಮೇಲೆ ಏರುವುದು ಕೇವಲ ಧ್ವನಿಯಲ್ಲ. 15 ಕಿಲೋಹರ್ಟ್ಸ್‌ವರೆಗೆ ಎಡ-ಬಲ ಧ್ವನಿಗಳ ಮೊತ್ತ. 19 ಕಿಲೋಹರ್ಟ್ಸ್‌ನಲ್ಲಿ ಪೈಲಟ್ ಎಂಬ ಒಂಟಿ ಸ್ವರ. 23ರಿಂದ 53ರವರೆಗೆ, 38ರ ಆಚೀಚೆ, ಎಡ-ಬಲಗಳ ವ್ಯತ್ಯಾಸ. ಸ್ಟೀರಿಯೋ ಕೇಳಿಸುವುದು ಈ ವ್ಯತ್ಯಾಸದಿಂದ. ಅದರ ಮೇಲೆ 57 ಕಿಲೋಹರ್ಟ್ಸ್‌ನ ಉಪವಾಹಕದ ಎರಡೂ ಕಡೆ ತಲಾ 2.4 ಕಿಲೋಹರ್ಟ್ಸ್ ಜಾಗದಲ್ಲಿ ಆರ್‌ಡಿಎಸ್ ಕುಳಿತಿದೆ. 19ರ ಮಗ್ಗಿಯಲ್ಲಿ ಎರಡನೆಯದು 38, ಮೂರನೆಯದು 57. ಹೀಗಾಗಿ ಪೈಲಟ್ ಸ್ವರವೊಂದು ಸಿಕ್ಕರೆ ಅದನ್ನು ಮೂರು ಪಟ್ಟು ಮಾಡಿ ಉಪವಾಹಕವನ್ನು ಹಿಡಿಯಬಹುದು. 57,000ವನ್ನು 48ರಿಂದ ಭಾಗಿಸಿದರೆ ಬರುವ 1187.5 ಎಂಬುದೇ ಒಂದು ಸೆಕೆಂಡಿಗೆ ಹರಿಯುವ ಬಿಟ್‌ಗಳ ಸಂಖ್ಯೆ. ಎಲ್ಲ ಲೆಕ್ಕವೂ ಒಂದೇ ಬೇರಿನಿಂದ ಹೊರಟಿದೆ.

ಈ ಸಾಲಿಗೆ ಸಿಗುವ ಶಕ್ತಿ ತೀರ ಕಡಿಮೆ. ಸ್ಟೇಷನ್ನಿನ ವಾಹಕ ಒಟ್ಟು 75 ಕಿಲೋಹರ್ಟ್ಸ್‌ವರೆಗೆ ಅತ್ತಿತ್ತ ಸರಿಯಬಹುದು. ಅದರಲ್ಲಿ ಆರ್‌ಡಿಎಸ್‌ಗೆ ಶಿಫಾರಸು ಮಾಡಿರುವ ಪಾಲು ಸುಮಾರು 2 ಕಿಲೋಹರ್ಟ್ಸ್ ಮಾತ್ರ. ಸಾಲದ್ದಕ್ಕೆ ಎಫ್‌ಎಂನಲ್ಲಿ ಗದ್ದಲವು ಮೇಲೆ ಹೋದಂತೆ ಹೆಚ್ಚುತ್ತದೆ. ಅಂದರೆ ಅತಿ ಕ್ಷೀಣ ಸಂಜ್ಞೆಯನ್ನು ಅತಿ ಗದ್ದಲದ ಮೂಲೆಯಲ್ಲಿ ಕೂರಿಸಿದ್ದಾರೆ. ಬೇರೆ ಜಾಗ ಇರಲಿಲ್ಲ, ನಿಜ.

ಇದನ್ನು ಹಿಡಿಯಲು ಹೊರಟವರು ಸಾಮಾನ್ಯವಾಗಿ ಮಾಡುವ ಮೊದಲ ತಪ್ಪನ್ನು ನಾನೂ ಮಾಡಿದ್ದೇನೆ. ರೇಡಿಯೋದ ಇಯರ್‌ಫೋನ್ ತೂತಿನಿಂದ ತಂತಿ ಎಳೆದು ಗಣಕಕ್ಕೆ ಕೊಟ್ಟು, 57 ಕಿಲೋಹರ್ಟ್ಸ್‌ನಲ್ಲಿ ಏನಾದರೂ ಕಾಣುತ್ತದೆಯೇ ಎಂದು ಒಂದು ಭಾನುವಾರವಿಡೀ ಕಾದೆ. ಏನೂ ಇಲ್ಲ! ಕಾರಣ ಸರಳ. ರೇಡಿಯೋ ತನ್ನ ಧ್ವನಿಯನ್ನು ಹೊರಬಿಡುವ ಮೊದಲು ಎತ್ತರದ ಸ್ವರಗಳನ್ನು ತಗ್ಗಿಸುತ್ತದೆ. ನಮ್ಮಲ್ಲಿ ಬಳಸುವ 50 ಮೈಕ್ರೋಸೆಕೆಂಡಿನ ತಗ್ಗಿಸುವಿಕೆಯೊಂದೇ 57 ಕಿಲೋಹರ್ಟ್ಸ್ ಸಂಜ್ಞೆಯನ್ನು ಹದಿನೆಂಟನೆಯ ಒಂದು ಭಾಗಕ್ಕೆ ಇಳಿಸುತ್ತದೆ. ಉಳಿದದ್ದನ್ನು ಮುಂದಿನ ಸೋಸುಕಗಳು ನುಂಗುತ್ತವೆ. ಸಂಜ್ಞೆಯನ್ನು ತೆಗೆಯಬೇಕಾದದ್ದು ಡಿಮಾಡ್ಯುಲೇಟರ್‌ನಿಂದ ನೇರವಾಗಿ. ಟಿವಿ ನೋಡಲೆಂದು ಮಾಡಿದ ಆರ್‌ಟಿಎಲ್2832ಯು ಚಿಪ್ಪಿನ ಪುಟ್ಟ ಯುಎಸ್‌ಬಿ ಕಡ್ಡಿಗಳು ಕಚ್ಚಾ ರೇಡಿಯೋ ಮಾದರಿಗಳನ್ನೇ ಗಣಕಕ್ಕೆ ಕೊಡಬಲ್ಲವು ಎಂಬುದು 2012ರ ಹೊತ್ತಿಗೆ ಎಲ್ಲರಿಗೂ ತಿಳಿದ ಮೇಲೆ ಈ ಕೆಲಸ ವಿದ್ಯಾರ್ಥಿಯ ಮೇಜಿಗೆ ಬಂತು. ಅಕ್ಕಪಕ್ಕದ ಎರಡು ಮಾದರಿಗಳ ಹಂತದ ವ್ಯತ್ಯಾಸ ತೆಗೆದರೆ ಎಫ್‌ಎಂ ಬಿಡಿಸಿದಂತೆ. ಅದರಿಂದ 57ರ ಸುತ್ತಲಿನ ಪಟ್ಟಿಯನ್ನು ಸೋಸಿ, ಉಪವಾಹಕಕ್ಕೆ ಹೊಂದಿಸಿ ಕೆಳಗಿಳಿಸಿದರೆ ಬಿಟ್‌ಗಳ ಏರಿಳಿತ ಪರದೆಯ ಮೇಲೆ ಕಾಣುತ್ತದೆ.

ಗುರುತಿನ ಕಲ್ಲಿಲ್ಲದ ದಾರಿ

ಬಿಟ್‌ಗಳು ಬಂದವು. ಆದರೆ ಎಲ್ಲಿಂದ ಓದಲು ಆರಂಭಿಸಬೇಕು? ಈ ಹಂತದಲ್ಲಿ ಆರ್‌ಡಿಎಸ್‌ನ ನಿಜವಾದ ಜಾಣ್ಮೆ ಕಾಣುತ್ತದೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಬಿಟ್‌ಗಳನ್ನು 26ರ ಕಟ್ಟುಗಳಾಗಿ ಮಾಡಲಾಗಿದೆ. ಪ್ರತಿ ಕಟ್ಟಿನಲ್ಲಿ 16 ಬಿಟ್ ಮಾಹಿತಿ, 10 ಬಿಟ್ ತಾಳೆ. ಇಂಥ ನಾಲ್ಕು ಕಟ್ಟು ಸೇರಿದರೆ 104 ಬಿಟ್‌ಗಳ ಒಂದು ಗುಂಪು. ಸೆಕೆಂಡಿಗೆ ಸುಮಾರು 11.4 ಗುಂಪುಗಳು. ಸಾಮಾನ್ಯವಾಗಿ ಇಂಥ ವ್ಯವಸ್ಥೆಗಳಲ್ಲಿ ಆರಂಭವನ್ನು ತೋರಿಸಲು ಒಂದು ನಿಗದಿತ ಗುರುತನ್ನು ಆಗಾಗ ಕಳಿಸುತ್ತಾರೆ, ಹೆದ್ದಾರಿಯ ಮೈಲಿಗಲ್ಲಿನಂತೆ. ಆರ್‌ಡಿಎಸ್‌ನಲ್ಲಿ ಅಂಥ ಕಲ್ಲೇ ಇಲ್ಲ. ಬದಲಿಗೆ, ಮೊದಲ ಕಟ್ಟಿನ ತಾಳೆ ಬಿಟ್‌ಗಳಿಗೆ ಒಂದು ಗೊತ್ತಾದ ಸಂಖ್ಯೆಯನ್ನು ಕೂಡಿಸಿ ಕಳಿಸುತ್ತಾರೆ, ಎರಡನೆಯದಕ್ಕೆ ಬೇರೊಂದು, ಹೀಗೆ. ಓದುವ ಯಂತ್ರ 26 ಬಿಟ್ ಅಗಲದ ಕಿಟಕಿಯನ್ನು ಒಂದೊಂದೇ ಬಿಟ್ ಸರಿಸುತ್ತಾ ತಾಳೆ ನೋಡುತ್ತದೆ. ಉಳಿಕೆಯು ಆ ಗೊತ್ತಾದ ಸಂಖ್ಯೆಗಳಲ್ಲಿ ಒಂದಾಗಿದ್ದರೆ, ಕಟ್ಟು ಎಲ್ಲಿ ಶುರುವಾಯಿತು, ಅದು ಎಷ್ಟನೆಯ ಕಟ್ಟು, ದಾರಿಯಲ್ಲಿ ಕೆಟ್ಟಿದೆಯೇ ಎಂಬ ಮೂರೂ ಪ್ರಶ್ನೆಗಳಿಗೆ ಒಂದೇ ಭಾಗಾಕಾರದಲ್ಲಿ ಉತ್ತರ ಸಿಗುತ್ತದೆ. ಒಂದು ಬಿಟ್ ಕೂಡ ಹೆಚ್ಚುವರಿ ಖರ್ಚಾಗಲಿಲ್ಲ.

ಮೋಸ ಹೋಗುವ ಸಾಧ್ಯತೆ ಇಲ್ಲದಿಲ್ಲ. ಬರಿಯ ಗದ್ದಲದಲ್ಲೂ 1024ಕ್ಕೆ 5ರಂತೆ ಉಳಿಕೆ ಹೊಂದಿಬಿಡುತ್ತದೆ, ಅಂದರೆ ಸೆಕೆಂಡಿಗೆ ಆರು ಬಾರಿ ಸುಳ್ಳು ಗುರುತು. ನಾನು ಬರೆದ ಮೊದಲ ಪ್ರೋಗ್ರಾಂ ಖಾಲಿ ಆವೃತ್ತಿಯಲ್ಲೂ ಸ್ಟೇಷನ್ ಕಂಡುಹಿಡಿಯುತ್ತಿದ್ದುದು ಇದರಿಂದಲೇ. 26 ಬಿಟ್ ದೂರದಲ್ಲಿ ಮುಂದಿನ ಕಟ್ಟಿನ ಗುರುತೂ ಸರಿಯಾದ ಕ್ರಮದಲ್ಲಿ ಸಿಗಬೇಕೆಂದು ಹೇಳಿದ ಮೇಲೆ ಭ್ರಮೆ ಬಿಟ್ಟಿತು.

ತಾಳೆಯ ಬಲವೂ ಸಣ್ಣದಲ್ಲ. ಒಂದೋ ಎರಡೋ ಬಿಟ್ ಕೆಟ್ಟರೆ, ಅಥವಾ ಹತ್ತು ಬಿಟ್‌ವರೆಗಿನ ಒಂದು ತುಂಡೇ ಕೆಟ್ಟರೆ, ಅದು ಖಂಡಿತ ಗೊತ್ತಾಗುತ್ತದೆ. ಐದು ಬಿಟ್‌ಗಳ ತುಂಡನ್ನು ತಿದ್ದಲೂಬಹುದು. ನೆರೆಯವರೊಡನೆ ಹೊಂದಿಕೊಂಡ ರೀತಿಯೂ ಮೆಚ್ಚುವಂಥದು. ಜರ್ಮನಿಯಲ್ಲಿ 1974ರಿಂದ ಇದೇ 57 ಕಿಲೋಹರ್ಟ್ಸ್‌ನಲ್ಲಿ ಎಆರ್‌ಐ ಎಂಬ ಸಂಚಾರ ಸೂಚನೆಯ ವ್ಯವಸ್ಥೆಯಿತ್ತು. ಪ್ರತಿ ಬಿಟ್ಟನ್ನೂ ಎದುರುಬದುರಾದ ಎರಡು ಅರೆಗಳಾಗಿ ಕಳಿಸಿದ್ದರಿಂದ ಆರ್‌ಡಿಎಸ್‌ನ ಶಕ್ತಿ 57ರ ಮಧ್ಯಬಿಂದುವಿನಲ್ಲಿ ಶೂನ್ಯವಾಯಿತು. ಹಳೆಯದು ತೊಂದರೆಯಿಲ್ಲದೆ ಅಲ್ಲೇ ಉಳಿಯಿತು. ಎಆರ್‌ಐ ಈಗಿಲ್ಲ, ಅದಕ್ಕೆ ಬಿಟ್ಟುಕೊಟ್ಟ ಖಾಲಿ ಜಾಗ ಇಂದಿಗೂ ಹಾಗೇ ಇದೆ.

ಕನ್ನಡಕ್ಕೆಷ್ಟು ಜಾಗ?

ಇಷ್ಟು ಹೊಗಳಿದ ಮೇಲೆ ಲೆಕ್ಕದ ಇನ್ನೊಂದು ಬದಿ. 104 ಬಿಟ್‌ಗಳಲ್ಲಿ ತಾಳೆಗೆ 40, ಸ್ಟೇಷನ್ನಿನ ಗುರುತುಸಂಖ್ಯೆಗೆ 16, ಗುಂಪಿನ ಬಗೆ ಇತ್ಯಾದಿಗೆ 11 ಹೋಗಿ ಉಳಿಯುವುದು 37. ಸ್ಟೇಷನ್ನಿನ ಹೆಸರಿಗೆ ಕೊಟ್ಟಿದ್ದು ಎಂಟೇ ಅಕ್ಷರ, ಒಂದು ಗುಂಪಿಗೆ ಎರಡರಂತೆ. ಸಂದೇಶಕ್ಕೆ 64 ಅಕ್ಷರ. 1984ರ ಕಾರಿನ ಫಲಕಕ್ಕೆ ಎಂಟು ಅಕ್ಷರವೇ ಹೆಚ್ಚು ಎನ್ನಬಹುದು. ಚಾಲಕನ ಗಮನ ರಸ್ತೆಯ ಮೇಲಿರಬೇಕು, ಹೆಸರು ಬದಲಾಗದೆ ನಿಂತಿರಬೇಕು ಎಂಬ ಒಳ್ಳೆಯ ಉದ್ದೇಶವೂ ಇತ್ತು. ಆದರೆ ಎಂಟು ಅಕ್ಷರದ ಕಿಟಕಿ ಕಂಡ ಸ್ಟೇಷನ್ನುಗಳು ಅದರಲ್ಲೇ ಹಾಡಿನ ಹೆಸರು, ಜಾಹೀರಾತುಗಳನ್ನು ತುಂಡು ತುಂಡಾಗಿ ಓಡಿಸತೊಡಗಿದವು. ನಿಯಮ ಬೇಡವೆಂದರೂ ಜಿಪುಣತನ ಅದನ್ನು ಆಹ್ವಾನಿಸಿತು.

ಲಿಪಿಯ ವಿಷಯ ಇದಕ್ಕಿಂತ ಗಂಭೀರ. ಮೂಲ ಅಕ್ಷರಕೋಷ್ಟಕಗಳಲ್ಲಿ ಲ್ಯಾಟಿನ್ ಜೊತೆಗೆ ಗ್ರೀಕ್, ಸಿರಿಲಿಕ್, ಅರಬ್ಬಿ, ಹೀಬ್ರೂಗಳಿಗೆ ಸ್ಥಾನವಿತ್ತು. ಭಾರತದ ಯಾವ ಲಿಪಿಗೂ ಇರಲಿಲ್ಲ. ಯುರೋಪಿನವರು ತಮ್ಮ ನೆರೆಹೊರೆಗೆ ಮಾಡಿದ್ದು, ನಮ್ಮನ್ನು ನೆನೆಯಲಿಲ್ಲ ಎಂದು ದೂರುವುದು ಸರಿಯಲ್ಲ. ನನ್ನ ಆಕ್ಷೇಪ ನಮ್ಮ ಮೇಲೆಯೇ ಹೆಚ್ಚು. ಭಾರತೀಯ ಲಿಪಿಗಳ ಇಸ್ಕೀ ಸಂಕೇತ 1991ರಲ್ಲೇ ನಮ್ಮ ರಾಷ್ಟ್ರೀಯ ಮಾನಕವಾಗಿತ್ತು. ಅದರಲ್ಲಿ ಪ್ರತಿ ವ್ಯಂಜನಕ್ಕೆ, ಪ್ರತಿ ಸ್ವರಚಿಹ್ನೆಗೆ ಒಂದೊಂದೇ ಬೈಟ್. ‘ಬೆಂಗಳೂರು’ ಎಂಬುದನ್ನು ಬಿಡಿಸಿ ಎಣಿಸಿ: ಬ, ಎತ್ವ, ಅನುಸ್ವಾರ, ಗ, ಳ, ಊತ್ವ, ರ, ಉತ್ವ. ಸರಿಯಾಗಿ ಎಂಟು! ‘ಆಕಾಶವಾಣಿ’ ಎಂಬುದೂ ಎಂಟೇ. 1935ರಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆರಂಭಿಸಿದ ಬಾನುಲಿ ಕೇಂದ್ರದಿಂದ ದೇಶಕ್ಕೆಲ್ಲ ಹರಡಿದ ಆ ಹೆಸರು, ಕನ್ನಡ ಲಿಪಿಯಲ್ಲೇ, ಆ ಜಿಪುಣ ಕಿಟಕಿಯಲ್ಲಿ ಹಿಡಿಸುತ್ತಿತ್ತು. ಕೋಷ್ಟಕ ಬದಲಿಸುವ ಏರ್ಪಾಡು ಆರ್‌ಡಿಎಸ್‌ನಲ್ಲಿತ್ತು, ತುಂಬಲು ಬೇಕಾದ ಕೋಷ್ಟಕ ನಮ್ಮ ಬಳಿ ಇತ್ತು. ಎರಡೂ ಸೇರಲಿಲ್ಲ.

ಈಗ ಯುನಿಕೋಡ್ ಕಾಲ. ಅಂತಾರಾಷ್ಟ್ರೀಯ ಮಾನಕವಾದ ಐಇಸಿ 62106ರ 2018ರ ಪರಿಷ್ಕರಣೆಯಲ್ಲಿ ಹೆಸರಿಗೆ 32 ಬೈಟ್‌ಗಳ ದೊಡ್ಡ ಕಿಟಕಿ ಬಂದಿದೆ. ಸುಧಾರಿತ ಸಂದೇಶಕ್ಕೆ 128 ಬೈಟ್ ಇದೆ. ಎರಡೂ ಯುಟಿಎಫ್-8ರಲ್ಲಿ. ಎಲ್ಲ ಲಿಪಿಗಳಿಗೂ ಬಾಗಿಲು ತೆರೆಯಿತೆಂದು ಸಂತೋಷಪಡುವ ಮುನ್ನ ಮತ್ತೆ ಎಣಿಸೋಣ. ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ವ್ಯಂಜನಕ್ಕೂ ಪ್ರತಿ ಚಿಹ್ನೆಗೂ ಮೂರು. ‘ವಿವಿಧ ಭಾರತಿ’ 31 ಬೈಟ್ ತೆಗೆದುಕೊಂಡು ಹೇಗೋ ನುಸುಳುತ್ತದೆ. ‘ಆಕಾಶವಾಣಿ ಬೆಂಗಳೂರು’ 49 ಬೈಟ್, ಅದು ಹೊರಗೆ. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ 18 ಬೈಟ್. 128 ಬೈಟ್‌ಗಳ ಸಂದೇಶದಲ್ಲಿ ಇಂಗ್ಲಿಷಿನವರಿಗೆ ಎರಡು ವಾಕ್ಯ, ನಮಗೆ 42 ಚಿಹ್ನೆಗಳು. ಸೆಕೆಂಡಿಗೆ ಸಾವಿರ ಬಿಟ್‌ನ ದಾರಿಯಲ್ಲಿ ಈ ಮೂರು ಪಟ್ಟಿನ ಸುಂಕ ಸಣ್ಣದಲ್ಲ. ಇದರ ಮೇಲೆ, ಒತ್ತಕ್ಷರಗಳನ್ನು ಜೋಡಿಸಿ ತೋರಿಸಬಲ್ಲ ಫಲಕವೂ ಬೇಕು.

ಮಾತಿನ ಬದಲು ಸಂಖ್ಯೆ

ಆದರೆ ಆರ್‌ಡಿಎಸ್‌ನಲ್ಲೇ ಈ ಸುಂಕವನ್ನು ತಪ್ಪಿಸಿಕೊಳ್ಳುವ ದಾರಿಯೊಂದಿದೆ. ಸಂಚಾರ ಸಂದೇಶಗಳಿಗೆಂದು ಮಾಡಿದ ಟಿಎಂಸಿ ಎಂಬ ಉಪವ್ಯವಸ್ಥೆಯಲ್ಲಿ ವಾಕ್ಯಗಳನ್ನು ಕಳಿಸುವುದೇ ಇಲ್ಲ. ಘಟನೆಗೆ 11 ಬಿಟ್, ಸ್ಥಳಕ್ಕೆ 16 ಬಿಟ್, ಉಳಿದ ಹತ್ತರಲ್ಲಿ ದಿಕ್ಕು, ವ್ಯಾಪ್ತಿ, ಅವಧಿ ಮುಂತಾದವು. ಒಟ್ಟು 37 ಬಿಟ್, ಅಂದರೆ ಒಂದೇ ಗುಂಪು. ‘ಮುಂದೆ ಅಪಘಾತ, ರಸ್ತೆ ಬಂದ್’ ಎಂಬುದು ಸಂಖ್ಯೆಯಾಗಿ ಬರುತ್ತದೆ. ಫ್ರೆಂಚ್ ಚಾಲಕನ ಯಂತ್ರ ಅದನ್ನು ಫ್ರೆಂಚಿನಲ್ಲಿ, ಜರ್ಮನ್ ಚಾಲಕನದು ಜರ್ಮನ್ನಿನಲ್ಲಿ ಹೇಳುತ್ತದೆ. ಗಾಳಿಯಲ್ಲಿ ಭಾಷೆಯಿಲ್ಲ, ಭಾಷೆ ಯಂತ್ರದಲ್ಲಿದೆ. ಹಲವು ಭಾಷೆಗಳ ನಾಡಿಗೆ ಇದಕ್ಕಿಂತ ಒಪ್ಪುವ ಉಪಾಯ ಸಿಗುವುದು ಕಷ್ಟ.

ಕಾರ್ಯಕ್ರಮದ ಬಗೆಯನ್ನು ಸೂಚಿಸುವ 5 ಬಿಟ್‌ಗಳ ಸಂಖ್ಯೆಯೂ ಇಂಥದೇ. ಪ್ರತಿ ಗುಂಪಿನಲ್ಲೂ ಇರುತ್ತದೆ. 1 ಎಂದರೆ ಸುದ್ದಿ, 31 ಎಂದರೆ ವಿಪತ್ತಿನ ಎಚ್ಚರಿಕೆ. ಪಟ್ಟಿ ಮಾಡಿದವರ ಲೋಕ ಯಾವುದೆಂಬುದು ಇಲ್ಲೂ ಗೊತ್ತಾಗುತ್ತದೆ. ಯುರೋಪಿನ ಪಟ್ಟಿಯಲ್ಲಿ 8 ಎಂದರೆ ವಿಜ್ಞಾನ, ಅಮೆರಿಕದ ಪಟ್ಟಿಯಲ್ಲಿ ಅದೇ 8 ಎಂದರೆ ಸಾಫ್ಟ್ ರಾಕ್ ಸಂಗೀತ! ಜಾಝ್‌ಗೆ ಒಂದು ಸಂಖ್ಯೆ, ಕಂಟ್ರಿ ಸಂಗೀತಕ್ಕೆ ಒಂದು. ಕೃಷಿಗೆ ಮಾತ್ರ ಎರಡು ಪಟ್ಟಿಗಳಲ್ಲೂ ಒಂದಿಲ್ಲ. ‘ಕೃಷಿರಂಗ’ ಕೇಳುತ್ತಾ ಬೆಳೆದವರಿಗೆ ಇದು ಅಚ್ಚರಿಯ ಸಂಗತಿ.

ಆದರೂ 31 ಇದೆ, ಅದು ಮುಖ್ಯ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದಾಗ ರಸ್ತೆ, ವಿದ್ಯುತ್ತು, ದೂರವಾಣಿ ಮೂರೂ ಕಡಿದುಹೋದ ಊರುಗಳಿದ್ದವು. ಮೊಬೈಲ್ ಗೋಪುರಗಳಿಂದ ಒಮ್ಮೆಗೇ ಎಲ್ಲ ಫೋನುಗಳಿಗೆ ಎಚ್ಚರಿಕೆ ಕಳಿಸುವ ಪರೀಕ್ಷೆಗಳು 2023ರಲ್ಲಿ ನಮ್ಮ ದೇಶದಲ್ಲಿ ನಡೆದವು. ಫೋನುಗಳು ಜೋರಾಗಿ ಕಿರುಚಿದ್ದು ಹಲವರಿಗೆ ನೆನಪಿರಬಹುದು. ಒಳ್ಳೆಯ ವ್ಯವಸ್ಥೆಯೇ. ಆದರೆ ಗೋಪುರದ ಬ್ಯಾಟರಿ ಮುಗಿದ ಕಣಿವೆಯಲ್ಲಿ, ಬಹು ದೂರದ ಒಂದೇ ಎಫ್‌ಎಂ ಪ್ರಸಾರಕ 5 ಬಿಟ್ ಕಳಿಸಿ ಬ್ಯಾಟರಿ ರೇಡಿಯೋವೊಂದನ್ನು ಎಬ್ಬಿಸಬಲ್ಲದು. ಇದಕ್ಕೆ ಸಿಮ್ ಬೇಡ, ಹಣ ಬೇಡ, ಯಾರು ಕೇಳಿದರು ಎಂಬ ದಾಖಲೆಯೂ ಉಳಿಯದು.

ಯಾರು ಮಾತಾಡುತ್ತಿದ್ದಾರೆ?

ಅಷ್ಟರಲ್ಲಿ ಎರಡನೆಯ ಕೊರತೆ ಅಡ್ಡ ಬರುತ್ತದೆ. ಆ ಹತ್ತು ತಾಳೆ ಬಿಟ್‌ಗಳು ಗದ್ದಲವನ್ನು ಹಿಡಿಯುತ್ತವೆ, ಸುಳ್ಳುಗಾರನನ್ನು ಹಿಡಿಯುವುದಿಲ್ಲ. ತಾಳೆಯ ಸೂತ್ರ ಎಲ್ಲರಿಗೂ ತಿಳಿದದ್ದು. ಯಾರು ಬೇಕಾದರೂ ಸರಿಯಾದ ತಾಳೆಯೊಡನೆ ಸುಳ್ಳನ್ನು ಕಟ್ಟಬಹುದು. 2007ರಲ್ಲಿ ಇಟಲಿಯ ಆಂಡ್ರಿಯಾ ಬರಿಸಾನಿ ಮತ್ತು ಡೇನಿಯಲ್ ಬಿಯಾಂಕೊ ಎಂಬಿಬ್ಬರು ಅಗ್ಗದ ಎಫ್‌ಎಂ ಪ್ರಸಾರಕದಿಂದ ಕಾರಿನ ದಾರಿಸೂಚಕಕ್ಕೆ ಹುಸಿ ಸಂಚಾರ ಸಂದೇಶ ಉಣಿಸಿ ಇದನ್ನು ಬಹಿರಂಗವಾಗಿ ತೋರಿಸಿದರು. ಘಟನೆಗಳ ಪಟ್ಟಿಯಲ್ಲಿ ವಿಮಾನದಾಳಿಯಿಂದ ಹಿಡಿದು ಗೂಳಿಕಾಳಗದವರೆಗೆ ಎಲ್ಲಕ್ಕೂ ಸಂಖ್ಯೆಯಿದ್ದುದರಿಂದ ಪ್ರದರ್ಶನ ರಂಜಕವಾಗಿಯೇ ಇತ್ತು. ಯಂತ್ರ ಎಲ್ಲವನ್ನೂ ನಂಬಿತು.

ಟಿಎಂಸಿಗೆ ಗೂಢಲಿಪಿಯ ಏರ್ಪಾಡು ಇದೆಯಲ್ಲ ಎಂದು ಕೆಲವರು ಹೇಳುತ್ತಾರೆ. ಅದು ಸ್ಥಳದ 16 ಬಿಟ್‌ಗಳನ್ನು ಮಾತ್ರ ಕಲಸುತ್ತದೆ. ಚಂದಾ ಕೊಡದವರು ಓದಬಾರದೆಂಬುದು ಅದರ ಉದ್ದೇಶ; ಕಳಿಸಿದವರು ಯಾರೆಂದು ರುಜುವಾತು ಮಾಡುವುದಲ್ಲ. ಬಾಗಿಲಿಗಿಂತ ಟಿಕೆಟ್ ಕಿಟಕಿಗೆ ಹೆಚ್ಚು ಗಮನ ಕೊಟ್ಟಂತಾಯಿತು.

‘ಸೆಕೆಂಡಿಗೆ ಸಾವಿರ ಬಿಟ್‌ನಲ್ಲಿ ಡಿಜಿಟಲ್ ಸಹಿಗೆ ಎಲ್ಲಿ ಜಾಗ?’ ಎಂಬ ಸಮರ್ಥನೆ ನನಗೆ ಒಪ್ಪಿಗೆಯಾಗಲಿಲ್ಲ. ಎಡ್25519 ಎಂಬ ಈಗಿನ ಪ್ರಚಲಿತ ಸಹಿಯ ಉದ್ದ 512 ಬಿಟ್. ಗುಂಪಿನ 37ರಲ್ಲಿ 5 ಬಿಟ್ ಕ್ರಮಸಂಖ್ಯೆಗೆ ಇಟ್ಟು 32ರಂತೆ ಕಳಿಸಿದರೆ 16 ಗುಂಪು ಸಾಕು. ಹತ್ತು ಗುಂಪಿಗೆ ಒಂದನ್ನು ಮಾತ್ರ ಸಹಿಗೆ ಕೊಟ್ಟರೂ ಸುಮಾರು 14 ಸೆಕೆಂಡಿನಲ್ಲಿ ಮುಗಿಯುತ್ತದೆ. ಹಳೆಯ ನಿಜವಾದ ಎಚ್ಚರಿಕೆಯನ್ನು ಧ್ವನಿಮುದ್ರಿಸಿ ಮತ್ತೆ ಬಿಡುವ ಕುಚೇಷ್ಟೆಯನ್ನು ತಡೆಯಲು, ಆರ್‌ಡಿಎಸ್ ಹೇಗೂ ಕಳಿಸುವ ದಿನಾಂಕ-ಸಮಯವನ್ನು ಸಹಿಯ ಒಳಗೆ ಸೇರಿಸಬೇಕು. ಒಂದೆರಡು ಗುಂಪು ದಾರಿಯಲ್ಲಿ ಕಳೆದುಹೋದರೆ ಮುಂದಿನ ಸುತ್ತಿಗೆ ಕಾಯಬೇಕು, ಅರ್ಧ ನಿಮಿಷವಾದೀತು. ಗುಡ್ಡದ ಬುಡದಲ್ಲಿರುವವರಿಗೆ ಅರ್ಧ ನಿಮಿಷ ದೊಡ್ಡದು, ಒಪ್ಪುತ್ತೇನೆ. ಹಾಗಾಗಿ ಎಚ್ಚರಿಕೆಯನ್ನು ಮೊದಲು ತೋರಿಸಿ, ಸಹಿ ತಾಳೆಯಾದ ಮೇಲೆ ‘ಖಚಿತ’ ಎಂದು ಗುರುತಿಸುವುದು ಸರಿಯಾದ ಕ್ರಮ. 57ರ ಮೇಲೆ 66.5, 71.25 ಮತ್ತು 76 ಕಿಲೋಹರ್ಟ್ಸ್‌ಗಳಲ್ಲಿ ಇನ್ನೂ ಮೂರು ಉಪವಾಹಕಗಳನ್ನು ಸೇರಿಸುವ ಆರ್‌ಡಿಎಸ್2 ಬಂದ ಮೇಲಂತೂ ಜಾಗವಿಲ್ಲವೆಂಬ ಮಾತು ನಿಲ್ಲುವುದಿಲ್ಲ.

ದುರುದ್ದೇಶ ಇಲ್ಲದಿದ್ದರೂ ಅತಿಯಾದ ನಂಬಿಕೆ ಕೆಡುಕು ಮಾಡಬಲ್ಲದು. 2022ರ ಜನವರಿಯಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಕೆಯುಒಡಬ್ಲ್ಯು ಎಂಬ ಎಫ್‌ಎಂ ಸ್ಟೇಷನ್ ಕೇಳುತ್ತಿದ್ದ ಕೆಲವು ಮಾಜ್ಡಾ ಕಾರುಗಳ ರೇಡಿಯೋಗಳು ಆ ಸ್ಟೇಷನ್ನಿನಲ್ಲೇ ಸಿಕ್ಕಿಹಾಕಿಕೊಂಡು ಕೆಟ್ಟವು. ಪ್ರಸಾರದ ಜೊತೆ ಬಂದ ಚಿತ್ರಕಡತಗಳ ಹೆಸರಿನ ಕೊನೆಯಲ್ಲಿ ಇರಬೇಕಾದ ಬಾಲ ಇರಲಿಲ್ಲ. ಕಾರಿನ ಹಳೆಯ ತಂತ್ರಾಂಶಕ್ಕೆ ಅಷ್ಟೇ ಸಾಕಾಯಿತು. ಅದು ಎಚ್‌ಡಿ ರೇಡಿಯೋ ಎಂಬ ಬೇರೆ ವ್ಯವಸ್ಥೆ, ಆರ್‌ಡಿಎಸ್ ಅಲ್ಲ. ಆದರೆ ಗಾಳಿಯಿಂದ ಬಂದದ್ದನ್ನೆಲ್ಲ ಸರಿಯೆಂದು ನಂಬುವ ಅಭ್ಯಾಸ ಎರಡಕ್ಕೂ ಸಮಾನ.

ನಮ್ಮಲ್ಲಿ 2023ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯವು, ಫೋನುಗಳಲ್ಲಿರುವ ಎಫ್‌ಎಂ ಸೌಲಭ್ಯವನ್ನು ಮುಚ್ಚಿಡಬಾರದೆಂದು ತಯಾರಕರಿಗೆ ಸೂಚಿಸಿತು. ಆಂಟೆನಾ ಆಗಿ ಕೆಲಸ ಮಾಡುವ ಇಯರ್‌ಫೋನ್ ತಂತಿಗೆ ತೂತೇ ಇಲ್ಲದ ಫೋನುಗಳ ಕಾಲದಲ್ಲಿ ಇದು ಎಷ್ಟರಮಟ್ಟಿಗೆ ಫಲಿಸೀತೋ ಕಾದು ನೋಡಬೇಕು. ಫೋನಿನಲ್ಲಾದರೆ ಕನ್ನಡ ಅಕ್ಷರ ಜೋಡಿಸುವ ಶಕ್ತಿ ಹೇಗೂ ಇದೆ. 5 ಬಿಟ್‌ಗಳ ಪಟ್ಟಿಯಲ್ಲಿರುವುದು 32 ಹೆಸರುಗಳು. ಅವನ್ನು ಕನ್ನಡದಲ್ಲಿ ತೋರಿಸಲು ಪ್ರಸಾರದಲ್ಲಿ ಒಂದು ಬಿಟ್ಟನ್ನೂ ಬದಲಿಸಬೇಕಾಗಿಲ್ಲ, ಯಾವ ಅಂತಾರಾಷ್ಟ್ರೀಯ ಸಮಿತಿಯ ಅನುಮತಿಯೂ ಬೇಕಿಲ್ಲ. ರೇಡಿಯೋ ತಂತ್ರಾಂಶ ಬರೆಯುವವರು ಒಂದು ಮಧ್ಯಾಹ್ನ ಕುಳಿತು ಮಾಡಬಹುದಾದ ಕೆಲಸ. 31ರ ಮುಂದೆ ‘ಎಚ್ಚರಿಕೆ’ ಎಂದು ಬರೆಯುವುದರಿಂದಲೇ ಆರಂಭಿಸಬಹುದು.